ಮಸಿ ತೊಳೆದ ತಪ್ಪು

"ಯಾರ್ರೀ ಇದನ್ನ ತೊಳೆದಿದ್ದು?!"

ಬಾಗಿಲಲ್ಲಿ ನಿಂತಿದ್ದ ಯುವಕನ ದನಿಗೆ ಶ್ಯಾಮಲಾ ಬೆಚ್ಚಿಬಿದ್ದಳು. ಉರಿಗಾಂನ ಹಳೆಯ ಗಣಿ ಕಾರ್ಮಿಕರ ಮನೆಯೊಂದನ್ನು ಊರವರೇ ಸೇರಿ ಪುಟ್ಟ ಮ್ಯೂಸಿಯಂ ಮಾಡಿದ್ದರು. ವಸ್ತುಗಳಿಗೆ ವಿವರದ ಚೀಟಿ ಬರೆಯಲು ಅವಳು ಬೂದಿಕೋಟೆಯಿಂದ ಬರತೊಡಗಿ ಎರಡು ವಾರವಾಗಿತ್ತಷ್ಟೆ.

ಅವನ ಕೈಯಲ್ಲಿ ಹಿತ್ತಾಳೆಯ ಗಣಿದೀಪ ಫಳಫಳ ಹೊಳೆಯುತ್ತಿತ್ತು.

"ಇದು ನಮ್ಮ ತಾತಂದು. ಸುರಂಗ ಕುಸಿದಾಗ ಅವ್ರು ಮೇಲೆ ಬರ್ಲಿಲ್ಲ, ಇದು ಮಾತ್ರ ಬಂತು. ಮಸಿ ಮೇಲೆ ಅವ್ರ ಬೆರಳ ಗುರುತಿತ್ತು. ನಲವತ್ತು ವರ್ಷ ನಮ್ಮಜ್ಜಿ, ನಮ್ಮ ಪಾಟಿ, ಇದಕ್ಕೊಂದು ಬಟ್ಟೆ ಸೋಕಿಸಿರಲಿಲ್ಲ!"

ಶ್ಯಾಮಲಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅಯ್ಯೋ ದೇವರೇ...!

ಶುಕ್ರವಾರ ಬಂತೆಂದರೆ ಮನೆಯ ದೀಪಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜುವುದು ಅವಳ ಕೆಲಸ. ಇಂದು ಬೆಳಗ್ಗೆ ಮ್ಯೂಸಿಯಂನ ಮೇಜಿನ ಮೇಲೆ ಮಸಿ ಹಿಡಿದ ದೀಪ ಕಂಡಾಗ ಕೈ ಸುಮ್ಮನಿರಲಿಲ್ಲ. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು, ಪೆದ್ದಿ!

"ನಿನ್ನೆ ಇಲ್ಲಿಡೋಕೆ ಅಂತ ಕಸ ಗುಡಿಸೋ ಪಾಪಕ್ಕನ ಕೈಲಿ ಕೊಟ್ಟು ಹೋಗಿದ್ದೆ. ಅವ್ರೇನಾ?"

ಹುಳಿ ಅಂಟಿದ ಬೆರಳುಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಅವಳು ಹೂಂ ಎಂದು ತಲೆಯಾಡಿಸಿಬಿಟ್ಟಳು.

ಹಿತ್ತಲು ಗುಡಿಸುತ್ತಿದ್ದ ಪಾಪಕ್ಕನ ಮೇಲೆ ಅವನು ರೇಗಿದ್ದು ಒಳಗಿದ್ದವಳಿಗೂ ಕೇಳಿಸಿತು. ಆಕೆ ಎದುರಾಡಲಿಲ್ಲ. ಹೋಗುವಾಗ ಶ್ಯಾಮಲಾಳನ್ನು ಒಮ್ಮೆ ನೋಡಿದಳು, ಅಷ್ಟೇ. ಮರುದಿನ ಕೆಲಸಕ್ಕೆ ಬರಲಿಲ್ಲ.

ಅವನ ಹೆಸರು ವೇಣು. ಬಂಗಾರಪೇಟೆಯಲ್ಲಿ ವೈರಿಂಗ್ ಕೆಲಸ ಮುಗಿಸಿ, ಸಂಜೆ ಮ್ಯೂಸಿಯಂಗೆ ಬಲ್ಬು ಹಾಕಿಕೊಡುತ್ತಿದ್ದ. ಬರುವಾಗ ಅವಳಿಗೂ ಬಿಸಿ ವಡೆ ತರುತ್ತಿದ್ದ. ಅವಳು ಬರೆದ ಚೀಟಿಗಳನ್ನು ಒಂದೊಂದಾಗಿ ಓದಿ, ಚೆನ್ನಾಗಿದೆ ಎನ್ನುತ್ತಿದ್ದ. ಮನಸ್ಸು ಅವನತ್ತ ವಾಲುತ್ತಿತ್ತು, ಆದರೆ ಅವನು ತಂದ ವಡೆ ಮೇಜಿನ ಮೇಲೆಯೇ ಆರುತ್ತಿತ್ತು. ಗುಡಿಸದ ಮೂಲೆಗಳನ್ನು ಕಂಡಾಗಲೆಲ್ಲ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು.

ಹತ್ತನೆಯ ದಿನ ಅವನೇ ತೊದಲಿದ. "ಶ್ಯಾಮಲಾ... ನಿಮ್ಮಂಥ ಒಳ್ಳೆ ಮನಸ್ಸಿನೋರು..."

"ಬ್ಯಾಡ! ಅಂಗನ್ನಬೇಡಿ!" ಅವಳು ಅತ್ತುಬಿಟ್ಟಳು. "ದೀಪ ತೊಳೆದೋಳು ನಾನು. ಗೊತ್ತಿಲ್ದೆ ತೊಳೆದೆ. ಆದ್ರೆ ಸುಳ್ಳು ಗೊತ್ತಿದ್ದೇ ಏಳಿದೆ..."

ವೇಣುವಿನ ಮುಖ ಬಿಳಿಚಿತು. ಅವನು ತಿರುಗಿ ಹೊರಟುಹೋದ.

ಅವಳು ಆಟೋ ಹಿಡಿದು ಮೈಸೂರು ಮೈನ್ಸ್ ಎಂಬ ಗಣಿ ಕಾಲೊನಿಯಲ್ಲಿದ್ದ ಪಾಪಕ್ಕನ ಮನೆಗೆ ಹೋದಳು. ಕಾಲಿಗೆ ಬೀಳಹೋದವಳನ್ನು ಪಾಪಕ್ಕ ತಡೆದಳು.

"ನೀನೇ ಅಂತ ಅವತ್ತೇ ಗೊತ್ತಿತ್ತು ಕಣಮ್ಮ. ಬಚ್ಚಲಲ್ಲಿ ಉಣಸೆ ನಾರು ಬಳಿದೋಳು ನಾನಲ್ವಾ?"

"ಮತ್ಯಾಕೆ ಏಳ್ಲಿಲ್ಲ ಪಾಪಕ್ಕ?"

"ನಿನ್ ಬಾಯಿಂದ್ಲೇ ಬರ್ಲಿ ಅಂತ ಸುಮ್ಕಿದ್ದೆ. ಬೇಜಾರಾಯ್ತು ಕಣೇ, ಸುಳ್ಯಾಕೆ ಏಳ್ಲಿ... ದಿನಾ ಒಂದೇ ಲೋಟದಾಗೆ ಟೀ ಅಂಚ್ಕೊಂಡು ಕುಡೀತಿದ್ವಲ್ಲ."

ಶ್ಯಾಮಲಾ ತಲೆ ಎತ್ತಲಾಗದೆ ಕೂತಳು. "ನಾಳೆ ಎಲ್ಲರ ಮುಂದೆ ಏಳ್ತೀನಿ. ನೀನು ಬಾ ಪಾಪಕ್ಕ..."

"ಬತ್ತೀನಿ. ಮೊದ್ಲು ಕಣ್ಣೊರೆಸ್ಕೋ."

ಹೊಸ್ತಿಲಿನ ಆಚೆ ಚಪ್ಪಲಿಯ ಸದ್ದಾಯಿತು. ನೋಡಿದರೆ ವೇಣು! ಅವನ ಕಣ್ಣೂ ಕೆಂಪಾಗಿತ್ತು.

"ಪಾಪಕ್ಕ, ಒಂದ್ ಮಾತೂ ಕೇಳ್ದೆ ರೇಗಿಬಿಟ್ಟೆ. ತಪ್ಪಾಯ್ತು." ಕೈಮುಗಿದು, ಶ್ಯಾಮಲಾಳತ್ತ ತಿರುಗಿದ. "ಬೇಜಾರಿದೆ. ಆದ್ರೆ ನೀವಾಗೇ ಇಲ್ಲಿಗೆ ಬಂದಿದ್ದೀರಲ್ಲ..."

"ಪಾಟಿಗೆ ದೀಪದ ವಿಷ್ಯ ಏಳಿದ್ರಾ?" ಶ್ಯಾಮಲಾ ಕೇಳಿದಳು.

"ಇನ್ನೂ ಇಲ್ಲ. ಧೈರ್ಯ ಬಂದಿಲ್ಲ."

"ನಾನೇ ಏಳ್ತೀನಿ. ಅವ್ರು ನಂಗೆ ಎರಡೇಟು ಒಡೆದ್ರೂ ಸರಿ."

"ಜೊತೆಗೆ ನಾನೂ ಬರ್ತೀನಿ. ಎಲ್ಲಾ ಕೇಳಿದ್ಮೇಲೆ ಪಾಟಿ, ಈ ಹುಡುಗಿ ಯಾರು ಅಂತಾರೆ. ಏನನ್ಲಿ?"

"ತಪ್ಪು ಮಾಡಿದೋಳು ಅನ್ನಿ..."

"ಅದಾದ್ಮೇಲೆ?"

ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು.

"ಅದಾದ್ಮೇಲೆ... ನಿಮ್ಮೋಳು ಅನ್ನಿ."