ಗುಬ್ಬಿಯ ದವಡೆಹಲ್ಲಿಗೆ ಐದು ಗುರುವಾರ

"ರಾತ್ರಿ ಬಾಟಲಿ ಬಾಯಲ್ಲಿಟ್ಟೇ ಮಲಗಿಸ್ತೀರಾ? ಅದೂ ಸಕ್ಕರೆ ಹಾಕಿದ ಹಾಲು? ಈ ಮಗುವಿನ ತಾಯಿಗೆ ಅಷ್ಟೂ ತಿಳಿಯಲ್ವಾ?"

ಮಕ್ಕಳ ಹಲ್ಲಿನ ಡಾಕ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದ ನಾಲ್ಕು ವರ್ಷದ ಗುಬ್ಬಿಯ ಮೇಲಿನ ಹಲ್ಲುಗಳ ಅಂಚು ಕಂದಾಗಿತ್ತು. ಕೆಳಗಿನ ದವಡೆಹಲ್ಲಿನಲ್ಲಂತೂ ಕಾಳು ಕೂರುವಷ್ಟು ಗುಳಿ.

ಅಪ್ಪ ತಲೆ ತಗ್ಗಿಸಿದ. "ಕೊಟ್ಟಿದ್ದು ನಾನೇ ಡಾಕ್ಟ್ರೇ. ಅಮ್ಮ ಬೇಕು ಅಂತ ಅಳ್ತಾಳೆ. ಬಾಟಲಿ ಕೊಟ್ರೆ ಸುಮ್ಮನಾಗ್ತಾಳೆ."

ಡಾಕ್ಟರ್ ನಾಲಿಗೆ ಕಚ್ಚಿಕೊಂಡಳು. ತಾಯಿಯಿಲ್ಲದ ಮಗು ಅಂತ ತಾನೇ ತಿಳಿದುಕೊಂಡಳು. ಮತ್ತೆ ಕೇಳಲಿಲ್ಲ.

"ಹೇಗಿದ್ರೂ ಬಿದ್ದುಹೋಗೋ ಹಾಲುಹಲ್ಲು ತಾನೇ?" ಅಂದ ಅವನು.

"ಈ ದವಡೆಹಲ್ಲು ಬೀಳೋದು ಇವಳಿಗೆ ಹತ್ತೋ ಹನ್ನೊಂದೋ ಆದಾಗ. ಅಲ್ಲೀವರೆಗೂ ನೋವು ತಿಂತಾ ಇರ್ಬೇಕಾ? ಈಗಲೇ ಕಿತ್ರೆ ಪಕ್ಕದ ಹಲ್ಲು ಜರುಗಿ ಹೊಸದಕ್ಕೆ ಜಾಗವೇ ಸಿಗದೆ ಹೋಗಬಹುದು." ದನಿ ಮೆತ್ತಗಾಗಿತ್ತು. "ಐದು ಸಲ ಬರಬೇಕು. ಗುರುವಾರ ಆಗುತ್ತಾ?"

ಆಯಿತು. ಅವನು ಟೈಲರ್. ದಿನವಿಡೀ ಸೂಜಿ ಹಿಡಿಯುವ ಮನುಷ್ಯ, ಎರಡನೇ ಗುರುವಾರ ಡಾಕ್ಟರ್ ಕೈಯ ಸೂಜಿ ನೋಡಿ ಬೆವತು ಕುಸಿದು ಕೂತ.

"ಹೆದರ್ಬೇಡಪ್ಪಾ, ಇರುವೆ ಕಚ್ಚಿದ ಹಾಗೆ ಅಷ್ಟೇ," ಅಂದಳು ಗುಬ್ಬಿ.

ಡಾಕ್ಟರ್ ನಕ್ಕದ್ದು ಮಾಸ್ಕಿನೊಳಗೆ. ಆದರೂ ಅವನಿಗೆ ಕಂಡಿತು. "ನಿಮ್ಮ ಕಣ್ಣು ಗುಟ್ಟು ಬಿಟ್ಟುಕೊಡುತ್ತೆ ಡಾಕ್ಟ್ರೇ."

ಮೂರನೇ ಗುರುವಾರ ಅವಳ ಬಿಳಿ ಕೋಟಿನ ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು.

"ಒಂದ್ನಿಮಿಷ ನಿಂತ್ಕೊಳ್ಳಿ." ಅವನು ಜೇಬಿನಿಂದ ಸೂಜಿ ದಾರ ತೆಗೆದ.

ಅವಳು ಉಸಿರು ಬಿಗಿಹಿಡಿದು ನಿಂತಳು. ಅವನ ಬೆರಳು ಬಟ್ಟೆಯನ್ನಷ್ಟೇ ಮುಟ್ಟುತ್ತಿತ್ತು, ಅವಳನ್ನಲ್ಲ. ಆ ಎಚ್ಚರಿಕೆಯೇ ಅವಳನ್ನು ಕರಗಿಸಿತು. ಕೊನೆಗೆ ಅವನು ಬಾಗಿ ದಾರಕ್ಕೆ ಹಲ್ಲು ಹಾಕಿದ.

"ರೀ! ಹಲ್ಲಲ್ಲಿ ದಾರ ಕತ್ತರಿಸ್ತೀರಾ? ಅದೂ ನನ್ನೆದುರಿಗೆ?"

ಅವನು ತಲೆಯೆತ್ತಿದ. ಗೇಣುದ್ದದ ಅಂತರ. ಇಬ್ಬರೂ ನಗಲು ಮರೆತರು.

ಮೂವತ್ತಾರು ದಾಟಿದವಳು ಮುಂದಿನ ಗುರುವಾರ ಬೆಳಗ್ಗೆ ಎರಡು ಸಲ ಬಟ್ಟೆ ಬದಲಾಯಿಸಿದಳು. "ಗುರುವಾರ ಬಂತು ಅಂದ್ರೆ ಮೇಡಂ ಕೋಪಕ್ಕೆ ರಜ," ಅಂತ ನರ್ಸ್ ಕಿಚಾಯಿಸಿದಳು. ಅವಳು ಗದರಲಿಲ್ಲ.

ಐದನೇ ಗುರುವಾರ ದವಡೆಹಲ್ಲಿಗೆ ಸ್ಟೀಲಿನ ಕ್ಯಾಪ್ ಕೂತಿತು. ಗುಬ್ಬಿ ಕನ್ನಡಿಯಲ್ಲಿ ನೋಡಿ ಕುಣಿದಳು. "ಮಿಂಚ್ತಾ ಇದೆ! ಅಮ್ಮಂಗೆ ತೋರಿಸ್ಬೇಕು!"

ಡಾಕ್ಟರ್ ಕೈ ಅಲ್ಲೇ ನಿಂತಿತು. ನರ್ಸ್ ಮಗುವನ್ನು ಹೊರಗೆ ಕರೆದೊಯ್ದಳು.

"ಆಸ್ಪತ್ರೆಲಿದಾಳೆ," ಅಂದ ಅವನು. "ರಸ್ತೆ ದಾಟುವಾಗ ಕಾರು ಹೊಡೀತು. ಎರಡು ವರ್ಷ ಆಯ್ತು. ಕಣ್ಣು ಬಿಡ್ತಾಳೆ, ಯಾರ ಗುರುತೂ ಸಿಗಲ್ಲ. ದಿನಾ ಸಂಜೆ ಹೋಗಿ ತಲೆ ಬಾಚಿ ಬರ್ತೀನಿ."

"ಮೊದಲೇ ಹೇಳ್ಬಹುದಿತ್ತು."

"ಹೇಳ್ಬೇಕು ಅಂತಲೇ ಪ್ರತಿ ಸಲ ಬರ್ತಿದ್ದೆ. ನಿಮ್ಮನ್ನ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ. ಈ ಅರ್ಧ ಗಂಟೆ ನಾನೂ ಒಬ್ಬ ಮನುಷ್ಯ ಅನ್ನಿಸ್ತಿತ್ತು. ತಪ್ಪು ನಂದೇ."

ಅವಳು ಮಾಸ್ಕ್ ಕಳಚಿದಳು. ತಡೆಯುವ ಮೊದಲೇ ಮಾತು ಹೊರಗೆ ಬಿತ್ತು. "ನಾನು ಕಾಯ್ತೀನಿ."

ಅವನು ಅವಳತ್ತ ತಿರುಗಿದ. "ಏನಕ್ಕೆ ಕಾಯ್ತೀರಿ? ಅವಳು ಹೋಗ್ಲಿ ಅಂತಾನಾ?"

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಅವನು ಚುಚ್ಚಲು ಹೇಳಿರಲಿಲ್ಲ. ಆ ಪ್ರಶ್ನೆಯನ್ನು ಎಷ್ಟು ದಿನ ತನ್ನನ್ನೇ ಕೇಳಿಕೊಂಡು ಸೋತಿದ್ದನೋ ಏನೋ, ಕಣ್ಣು ತುಂಬಿ ಬಂದಿತ್ತು.

ಅವಳು ಮೇಜಿನ ಬಳಿ ಹೋಗಿ ಇನ್ನೊಬ್ಬ ಮಕ್ಕಳ ಹಲ್ಲಿನ ಡಾಕ್ಟರ ವಿಳಾಸ ಬರೆದಳು. "ಆರು ತಿಂಗಳಿಗೊಮ್ಮೆ ತೋರಿಸ್ಬೇಕು. ಇಲ್ಲಿ ಬೇಡ."

"ಇಲ್ಲಿ..."

"ಇಲ್ಲಿ ನೀವು ಬಂದ್ರೆ, ನಾನು ಕಾಯೋಕೆ ಶುರು ಮಾಡ್ತೀನಿ."

ಚೀಟಿ ತೆಗೆದುಕೊಳ್ಳುವಾಗ ಅವನು ಮೊದಲ ಸಲ ಅವಳ ಬೆರಳುಗಳನ್ನು ಹಿಡಿದ. ಒತ್ತಿ ಹಿಡಿದ. ಆಮೇಲೆ ಬಿಟ್ಟ.

ಮೆಟ್ಟಿಲಿಳಿಯುತ್ತಾ ಗುಬ್ಬಿ ಏನೋ ಹರಟುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಬೀದಿ ಬಾಗಿಲು ಮುಚ್ಚಿಕೊಂಡಿತು.

"ಮುಂದಿನ ಮಗುನ ಕಳಿಸ್ಲಾ ಮೇಡಂ?"

"ಎರಡು ನಿಮಿಷ ಕೊಡಮ್ಮ," ಅಂದಳು. ಕೈ ತೊಳೆಯಲೆಂದು ನಲ್ಲಿ ಬಿಟ್ಟಳು. ನೀರು ಹರಿಯುತ್ತಲೇ ಇತ್ತು.