ಪಟೇಲರ ಮನೆಯ ರೈಫಲ್ ಮಾಡಿದವರು

1974ನೇ ಇಸವಿ ಅಕ್ಟೋಬರ್ 24, ಆಯುಧಪೂಜೆ. ಮಧ್ಯಾಹ್ನ ಮೂರು ಗಂಟೆಗೆ ಮಳವಳ್ಳಿ ಠಾಣೆಗೆ ಒಂದು ಅರ್ಜಿ ಬಂತು. ಪಟೇಲಿಕೆ ಹೋದರೂ ಪಟೇಲ್ ಎಂದೇ ಕರೆಸಿಕೊಳ್ಳುತ್ತಿದ್ದ, ಪೂರಿಗಾಲಿ ಕಡೆಯ ಹಳ್ಳಿಯೊಂದರ ಚಿಕ್ಕಣ್ಣ ಬರೆಸಿ ಕಳಿಸಿದ್ದು. ವಂಶಪಾರಂಪರ್ಯವಾಗಿ ಬಂದ ರೈಫಲಿನಿಂದ ಪೂಜೆಯ ನಂತರ ಪದ್ಧತಿಯಂತೆ ಒಂದು ಈಡು ಹಾರಿಸಲು ಆಳು ಚಿಕ್ಕಬೋರಯ್ಯನಿಗೆ ಕೊಟ್ಟಿದ್ದಾಗಿಯೂ, ಅವನು ಕುಡಿದ ಅಮಲಿನಲ್ಲಿ ಮಿತಿಮೀರಿ ಮದ್ದು ತುಂಬಿ, ನಳಿಗೆ ಸಿಡಿದು ಸತ್ತನೆಂದೂ ಅದರಲ್ಲಿತ್ತು.

ಅರ್ಧ ಗಂಟೆಯ ಮೇಲೆ ಸತ್ತವನ ಹೆಂಡತಿ ಮರಿತಾಯಮ್ಮ ಬಂದಳು. ಅವಳ ಕೈಯಲ್ಲಿ ಕಾಗದವಿರಲಿಲ್ಲ.

"ನನ್ ಗಂಡ ಕುಡ್ದಿರ್ನಿಲ್ಲ ಬುದ್ದಿ. ಮದ್ದೂ ತುಂಬ್ನಿಲ್ಲ. ಕುಡ್ದು ಸತ್ತ ಅಂತ ಊರೆಲ್ಲ ಆಡ್ತಾವ್ರೆ. ಅದೊಂದ ಅಳಿಸ್ಕೊಡಿ, ಇನ್ನೇನೂ ಬ್ಯಾಡ."

ಸಬ್ ಇನ್‌ಸ್ಪೆಕ್ಟರ್ ಯೋಗಾನರಸಿಂಹ ಅವಳ ಮಾತನ್ನೂ ಬರೆಸಿಕೊಂಡು, ದಫೇದಾರ್ ಮಹದೇವಯ್ಯನ ಜೊತೆ ಜೀಪು ಹತ್ತಿದ.

ಐದೂಕಾಲಿಗೆ ಚಿಕ್ಕಣ್ಣನ ಮನೆ ತಲುಪಿದರು. ಕೊಟ್ಟಿಗೆಯಲ್ಲಿ ಗೋಣಿತಾಟಿನ ಕೆಳಗೆ ಮುಖವಿಲ್ಲದ ಹೆಣ. ಹತ್ತು ಮಾರು ಆಚೆ ಮನೆಯ ತೊಟ್ಟಿ ಅಂಗಳದಲ್ಲಿ ಬೀಗರ ಪಂಕ್ತಿ, ಎಲೆ ಮೇಲೆ ಒಬ್ಬಟ್ಟು. ಯಾರಿಗೂ ತುತ್ತು ಗಂಟಲಲ್ಲಿ ಸಿಕ್ಕಿದ ಹಾಗೆ ಕಾಣಲಿಲ್ಲ.

"ಬರ್ಬೇಕು ಸ್ವಾಮಿ. ಅಬ್ಬದ್ ದಿನ, ಎಲ್ಡ್ ತುತ್ತು ತಿಂದ್ಕಂಡು ಆಮೇಲ್ ನೋಡಿ. ಅವ್ನೆಲ್ ಓಯ್ತಾನೆ?" ಎಂದು ಚಿಕ್ಕಣ್ಣ ನಕ್ಕ.

ಇನ್‌ಸ್ಪೆಕ್ಟರು ನೀರನ್ನೂ ಮುಟ್ಟಲಿಲ್ಲ. ಪಂಚನಾಮೆ ಮುಗಿಸಿ ಕೇಳಿದ:

"ರೈಫಲ್ ಮಾಡಿದ್ದು ಯಾರು?"

"ಲಂಡನ್ ಕಂಪ್ನಿ. ಶಿಕಾರಿಗೆ ಬಂದಿದ್ ದೊರೆ ನಮ್ ಮುತ್ತಾತಂಗೆ ಕೊಟ್ಟಿದ್ದು."

"ಮದ್ದು ತುಂಬಿದ್ದು?"

"ಅವ್ನೇ, ಕುಡುಕ."

ಸುತ್ತ ನಿಂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಸಿಡಿದ ನಳಿಗೆಯನ್ನು ಯೋಗಾನರಸಿಂಹ ಬೆಳಕಿಗೆ ಹಿಡಿದು ನೋಡಿದ. ನೂರು ವರ್ಷದ ಕಬ್ಬಿಣ ಹೀಗೆ ದಾರ ಹಿಡಿದು ಸೀಳಿದಂತೆ ನೆಟ್ಟಗೆ ಬಿಡುತ್ತದೆಯೇ? ರೈಫಲ್ ನಿಜವಾಗಿ ಲಂಡನ್ನಿನದಾದರೆ ತಪ್ಪು ಸತ್ತವನದು. ಅಲ್ಲವಾದರೆ ಮಾಡಿದವನನ್ನೂ ಮಾಡಿಸಿದವನನ್ನೂ ಹುಡುಕಬೇಕು. ಅದನ್ನು ಬಟ್ಟೆಯಲ್ಲಿ ಸುತ್ತಿಸಿ ಅರಗಿನ ಮೊಹರು ಹಾಕಿಸಿದ.

ಮರುದಿನ ಬೆಳಿಗ್ಗೆ ಮರಣೋತ್ತರ ಪರೀಕ್ಷೆಯ ವರದಿ ಬಂತು. ಹೊಟ್ಟೆಯಲ್ಲಿ ಹೆಂಡದ ಸುಳಿವೇ ಇಲ್ಲ, ಅನ್ನದ ಅಗುಳೂ ಇಲ್ಲ. ಹಬ್ಬದ ಮನೆಯಲ್ಲಿ ಬೆಳಗಿನಿಂದ ದುಡಿದವನಿಗೆ ಒಂದು ತುತ್ತೂ ಹಾಕಿರಲಿಲ್ಲ. ಯೋಗಾನರಸಿಂಹ ಮೊಹರು ಹಾಕಿದ ಗಂಟನ್ನು ಜೀಪಿಗೆ ಹಾಕಿಸಿಕೊಂಡು ಹೊರಟ.

ಹನ್ನೊಂದು ಗಂಟೆಗೆ ಮಂಡ್ಯದ ಪೊಲೀಸ್ ಶಸ್ತ್ರಾಗಾರದಲ್ಲಿ ಅಲ್ಲಿನ ಹವಾಲ್ದಾರ ನಳಿಗೆಯೊಳಗೆ ಬೆರಳಾಡಿಸಿ, "ಇದು ರೈಫಲ್ಲೇ ಅಲ್ಲ ಸಾರ್," ಎಂದ. "ರೈಫಲ್ ಆದ್ರೆ ನಳಿಗೆ ಒಳಗೆ ಸುತ್ತಿಕೊಂಡು ಹೋಗೋ ಗೆರೆ ಇರ್ಬೇಕು. ಇದು ನೀರಿನ ಪೈಪು. ಬೆಸುಗೆ ಹಾಕಿದ ಕಡೆ ಬಿಟ್ಕೊಂಡಿದೆ."

ಹಿಡಿಯ ತುದಿಯ ಹಿತ್ತಾಳೆ ತಗಡನ್ನು ಬಿಚ್ಚಿದಾಗ ಅದರ ಒಳಮೈಯಲ್ಲಿ ಮೂರು ಚುಕ್ಕಿ, ಪಕ್ಕದಲ್ಲಿ ಒಂದು ಗೀರು ಕಂಡವು. ಮಹದೇವಯ್ಯ ಬಗ್ಗಿ ನೋಡಿದ.

"ಸಾರ್, ಇದು ಹಲಗೂರಿನ ಕೆಂಪಾಚಾರಿ ಗುರುತು. ನಮ್ಮನೆ ಮಚ್ಚಿನ ಮೇಲೂ ಇದೆ."

26ರಂದು ಬೆಳಿಗ್ಗೆ ಒಂಬತ್ತಕ್ಕೆ ಹಲಗೂರಿನ ಕುಲುಮೆಗೆ ಹೋದರು. ತಗಡನ್ನು ಕಂಡ ಕೂಡಲೇ ಕೆಂಪಾಚಾರಿ ಸುತ್ತಿಗೆ ಕೆಳಗಿಟ್ಟ.

"ನಂದೇ ಸ್ವಾಮಿ. ಆರು ವರ್ಸ ಆಯ್ತು. ಅಳೇ ರೈಫಲ್ಲು ಶಿಂಷಾ ದಾಟೋವಾಗ ಒಳೆಪಾಲಾಯ್ತಂತೆ. ಗೋಡೆ ಮ್ಯಾಲಿದ್ದ ಅದ್ರ ಪಟ ತಂದು, ಇಂಗೇ ಮಾಡ್ಕೊಡು ಅಂದ್ರು ಪಟೇಲ್ರು."

"ಕದ್ದು ಮಾಡಿದ್ದಕ್ಕೆ ಗುರುತು ಯಾಕೆ ಹಾಕಿದೆ?"

"ಗುರುತಾಕ್ದೆ ಯಾವ್ದನ್ನೂ ಕುಲುಮೆಯಿಂದ ಆಚಿಗ್ ಬುಟ್ಟೋನಲ್ಲ. ಕೈ ತಡೀನಿಲ್ಲ. ಆದ್ರೆ ಏಳಿದ್ದೆ ಸ್ವಾಮಿ, ಇದು ಪೂಜೆಗೆ ಮಾತ್ರ, ಮದ್ದು ತುಂಬ್ಬ್ಯಾಡಿ, ಇವತ್ತಲ್ಲ ನಾಳೆ ಒಡೀತದೆ ಅಂತ. ಗೊತ್ತು ಬುಡ್ಲಾ ಅಂದ್ರು."

ಮಾಡಿದವನು ಸಿಕ್ಕಿದ. ಪರವಾನಗಿಯಿಲ್ಲದೆ ಬಂದೂಕು ಮಾಡಿದ್ದಕ್ಕೆ ಅವನ ಮೇಲೂ ಪ್ರಕರಣ ದಾಖಲಾಯಿತು. ಒಡೆಯುತ್ತದೆಂದು ಗೊತ್ತಿದ್ದವನು ಅದನ್ನು ತುಂಬಿಸಿದನೋ, ತಾನೇ ತುಂಬಿದನೋ ಎಂಬುದಷ್ಟೇ ಉಳಿದಿತ್ತು.

ಅಂದೇ ಮಧ್ಯಾಹ್ನ ಚಿಕ್ಕಣ್ಣ ಗದ್ದೆಗೆ ಹೋಗಿದ್ದ ಹೊತ್ತಿನಲ್ಲಿ ಯೋಗಾನರಸಿಂಹ ಅವನ ಮನೆಗೆ ಹೋದಾಗ ಅವನ ಹೆಂಡತಿ ಮಂಗಳಮ್ಮ ಬಾಗಿಲ ಮರೆಯಿಂದ ಉತ್ತರ ಕೊಟ್ಟಳು. ಕೇಳುವ ಮಾತಿನಲ್ಲಿ ಏನಿದೆಯೆಂದು ಅವಳಿಗೆ ಹೊಳೆದ ಹಾಗಿರಲಿಲ್ಲ.

"ಮದ್ದು ತುಂಬೋದು ಯಾರಮ್ಮ?"

"ಯಜಮಾನ್ರೇ. ಇನ್ನೊಬ್ರು ಮುಟ್ಟಕ್ ಬುಡಕ್ಕಿಲ್ಲ. ಈ ಸಲ ಬೀಗರು ಬಂದಿದ್ರಲ್ಲ, ಸದ್ದು ಜೋರಾಗಿರ್ಲಿ ಅಂತ ಒಂದಿಡಿ ಜಾಸ್ತೀನೇ ಆಕುದ್ರು."

"ಹಾರಿಸೋದು?"

"ಮೊದ್ಲು ಅವ್ರೇ ಆರಿಸ್ತಿದ್ರು, ನಾವೂ ಮಕ್ಳೂ ಪಕ್ಕದಲ್ಲೇ ನಿಂತ್ಕತಿದ್ವಿ. ಆರು ವರ್ಸದಿಂದ ಬೋರಯ್ಯಂಗೆ ಕೊಡ್ತಾರೆ. ನಿಯತ್ತಿನ ಆಳು, ಅವನ್ಗೂ ಒಂದ್ ಮರ್ವಾದಿ ಇರ್ಲಿ ಅಂತ. ಪಾಪ, ಅವ್ನು ತಲೆಗೆ ರುಮಾಲು ಸುತ್ಕಂಡು ಬರೋನು."

"ಆವಾಗ ನೀವೆಲ್ಲ?"

"ನಮ್ಮನ್ನ ಒಳಿಕ್ ಅಟ್ಟಿ ಬಾಗ್ಲಾಕುಸ್ತಾರೆ. ಅವ್ರು ಕಲ್ಕಂಬದ ಇಂದ್ಕೋಯ್ತಾರೆ."

ಯೋಗಾನರಸಿಂಹ ಜಗಲಿಗೆ ಬಂದು ಕೂತ. ಹನ್ನೆರಡು ವರ್ಷದ ನೌಕರಿಯಲ್ಲಿ ಕೊಡಲಿಯಿಂದ ಕಡಿದವರನ್ನೂ ವಿಷವಿಕ್ಕಿದವರನ್ನೂ ಹಿಡಿದಿದ್ದ. ಅವರ ಮೇಲೆ ಸಿಟ್ಟು ಬಂದಿತ್ತು, ಅಸಹ್ಯ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಒಬ್ಬನಿಗೆ ರುಮಾಲು ಸುತ್ತಿಸಿ, ಮರ್ಯಾದೆಯೆಂದು ಹೇಳಿ ಸಾವನ್ನು ಕೈಗೆ ಕೊಟ್ಟು ಕಂಬದ ಹಿಂದೆ ಹೋಗಿ ನಿಲ್ಲುವವನನ್ನು ಅವನು ಇದೇ ಮೊದಲು ನೋಡಿದ್ದು.

27ನೇ ತಾರೀಖು ಬೆಳಿಗ್ಗೆ ಏಳೂವರೆಗೆ, ಊರವರ ಎದುರಿನಲ್ಲೇ ಚಿಕ್ಕಣ್ಣನ ದಸ್ತಗಿರಿಯಾಯಿತು. ಜೀಪು ಹತ್ತಿಸುವ ಮೊದಲು ಇನ್‌ಸ್ಪೆಕ್ಟರು ಡಾಕ್ಟರ ವರದಿಯನ್ನು ಗಟ್ಟಿಯಾಗಿ ಓದಿದ. ಚಿಕ್ಕಬೋರಯ್ಯ ಕುಡಿದಿರಲಿಲ್ಲ, ಮದ್ದನ್ನೂ ತುಂಬಿರಲಿಲ್ಲ ಎಂದು ಎರಡೆರಡು ಸಲ ಹೇಳಿದ. ಮೂರು ದಿನದ ಹಿಂದೆ ತಲೆಯಾಡಿಸಿದ್ದವರು ಈಗಲೂ ಹಾಗೇ ತಲೆಯಾಡಿಸಿದರು. ಮರಿತಾಯಮ್ಮ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು.

ಠಾಣೆಯಲ್ಲಿ ಹೇಳಿಕೆ ಬರೆಯಲು ಮಹದೇವಯ್ಯ ಕೂತ. ಯೋಗಾನರಸಿಂಹ ಬಹುವಚನ ಬಿಟ್ಟಿದ್ದ.

"ರೈಫಲ್ ಹೊಳೆಪಾಲಾಯ್ತು ಅಂತ ಊರಿಗೆ ಹೇಳಿದ್ರೆ ಏನಾಗ್ತಿತ್ತು?"

"ನಗೋರು ಸ್ವಾಮಿ. ಅಪ್ಪ ತಾತ ಕಾಪಾಡ್ಕಂಡ್ ಬಂದಿದ್ನ ನಾನು ಕಳ್ದೆ ಅಂತ."

"ಸದ್ದು ಬೇಕಾಗಿದ್ರೆ ನೀನೇ ಹಾರಿಸಬೇಕಿತ್ತು."

ಚಿಕ್ಕಣ್ಣ ತಲೆಯೆತ್ತಿ ನೋಡಿದ. ಆ ಮಾತು ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಅದೆಂಗಾಯ್ತದೆ ಸ್ವಾಮಿ? ನಂಗೆ ಎಂಡ್ರು ಮಕ್ಳಿಲ್ವಾ?"

ದಫೇದಾರನ ಪೆನ್ನು ನಿಂತಿತು. ಹೇಳಿದ ಹಾಗೆಯೇ ಬರೆಯಲು ಯೋಗಾನರಸಿಂಹ ಹೇಳಿದ.