ಬೇಗ ಭಾ

"ನನ್ನ ಸಾಲು ಎಲ್ಲಿ?"

ಅವಳ ದನಿಗೆ ಕರಡು ತಿದ್ದುವ ಕೋಣೆಯಲ್ಲಿದ್ದ ಆರೂ ಜನ ತಲೆ ಎತ್ತಿದರು. ಅವಳ ಮೇಜಿನ ಕೆಳಗೆ ಮಂಡಿಯೂರಿ ವೈರು ಸಿಕ್ಕಿಸುತ್ತಿದ್ದವನು ಗಾಬರಿಯಿಂದ ಎದ್ದು ಮೇಜಿಗೆ ತಲೆ ಚಚ್ಚಿಕೊಂಡ.

ಅವನು ಹೊಸದಾಗಿ ಸೇರಿದ ಕಂಪ್ಯೂಟರ್ ರಿಪೇರಿಯವನು. ಅವಳು ರಜೆ ಹಾಕಿದ್ದ ಎರಡು ದಿನದಲ್ಲೇ ಅವನಿಗೆ 'ರೀಸ್ಟಾರ್ಟ್' ಎಂದು ಹೆಸರು ಬಿದ್ದಾಗಿತ್ತು. ಯಾರು ಯಾವ ದೂರು ಹೇಳಿದರೂ ಅವನ ಮೊದಲ ಮಾತು, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ. ಇನ್ನು ಅವಳಿಗೆ ಇದ್ದ ಹೆಸರು 'ಕಾಗುಣಿತ'. ಶಾಲೆಯ ಪಠ್ಯಪುಸ್ತಕ ಅಚ್ಚು ಹಾಕುವ ಆ ಕಂಪನಿಯಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ದೀರ್ಘವೂ ದಾಟುತ್ತಿರಲಿಲ್ಲ. ಕ್ಯಾಂಟೀನಿನ ಬೋರ್ಡನ್ನೂ ಬಿಡದೆ ತಿದ್ದಿದವಳು.

"ಯಾವ ಸಾಲು ಮೇಡಂ?" ಅವನು ತಲೆ ಉಜ್ಜಿಕೊಳ್ಳುತ್ತಾ ಕೇಳಿದ.

"ಬುಕ್‌ಮಾರ್ಕ್ ಸಾಲು. ಇಲ್ಲಿ, ಮೇಲ್ಗಡೆ. ಬೆಳಗ್ಗೆ ಇತ್ತು. ಮೀಟಿಂಗ್‌ಗೆ ಹೋಗಿ ಬರೋಷ್ಟರಲ್ಲಿ ಖಾಲಿ."

"ಅದಾ... ಕ್ಲೀನ್ ಮಾಡ್ದೆ. ಸ್ವಂತದ್ದು ಯಾವುದೂ ಆಫೀಸ್ ಕಂಪ್ಯೂಟರಲ್ಲಿ ಇರಬಾರ್ದು ಅಂತ ಮ್ಯಾನೇಜರ್ ಹೇಳಿದ್ದಾರೆ."

"ಯಾರನ್ನ ಕೇಳಿ ಮಾಡಿದ್ರಿ? ಅದೆಲ್ಲ ನಮ್ಮ ಮನೆಯವರು ಬರೆದಿದ್ದು!"

ಅವನ ಮುಖ ಕೆಂಪಾಯಿತು. ಕಣ್ಣು ಎತ್ತದೆ, ಮನೆಯವರದು ಮನೆಯಲ್ಲೇ ಇರುತ್ತೆ, ಇಲ್ಲಿಂದ ಮಾತ್ರ ತೆಗೆದಿದ್ದೇನೆ ಎಂದು ಹೇಳಿ, ಸ್ಕ್ರೂಡ್ರೈವರ್ ಎತ್ತಿಕೊಂಡು ಮುಂದಿನ ಮೇಜಿಗೆ ಹೋಗಿಬಿಟ್ಟ. ಒಂದು ಕ್ಷಮಿಸಿ ಇಲ್ಲ, ಏನೂ ಇಲ್ಲ.

'ಎಂಥ ಸೊಕ್ಕು ಇವನಿಗೆ...' ಅವಳ ಮೈಯೆಲ್ಲ ಉರಿದುಹೋಯಿತು.

ಅಕ್ಕಪಕ್ಕದವರು ಸಮಾಧಾನ ಮಾಡಲು ಬಂದರು. ಬುಕ್‌ಮಾರ್ಕ್ ತಾನೇ, ಹೋದರೆ ಮತ್ತೆ ಹಾಕಿಕೊಂಡರಾಯಿತು ಎಂದರು. ಆ 'ತಾನೇ' ಅವಳಿಗೆ ಇನ್ನಷ್ಟು ಕೋಪ ತರಿಸಿತು.

ಅವರಿಗೇನು ಗೊತ್ತು? ಅವಳ ಮನೆಯಲ್ಲಿ ಇರುವುದು ಅವಳು ಮತ್ತು ಅಪ್ಪ, ಇಬ್ಬರೇ. ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪ. ಮೂರನೇ ತಿರುವಿನಲ್ಲಿದ್ದಾಗಲೇ ಮಗಳನ್ನು ಕೂಗಿ ಬಾಗಿಲು ತೆಗೆಸುತ್ತಿದ್ದ ಗಂಟಲು ಅವರದು. ಎರಡು ವರ್ಷದ ಹಿಂದೆ ಅದೇ ಗಂಟಲಿಗೆ ಆಪರೇಷನ್ ಆಯಿತು. ಅಪ್ಪ ಉಳಿದರು, ದನಿ ಉಳಿಯಲಿಲ್ಲ.

ಫೋನಿನಲ್ಲಿ ಬರೆಯೋಣವೆಂದರೆ ಸ್ಟೀರಿಂಗ್ ಹಿಡಿದು ದಪ್ಪಗಾದ ಬೆರಳು ಒಂದು ಅಕ್ಷರ ಒತ್ತಿದರೆ ನಾಲ್ಕು ಮೂಡುತ್ತಿದ್ದವು. ಅಲ್ಲದೆ ಕರಡು ತಿದ್ದುವ ಕೋಣೆಗೆ ಫೋನ್ ಒಯ್ಯುವ ಹಾಗೇ ಇರಲಿಲ್ಲ. ಯಾರೋ ಫೋನ್ ನೋಡುತ್ತಾ ಕೂತು ಒಂದನೇ ತರಗತಿಯ ಪುಸ್ತಕದಲ್ಲಿ 'ಹಸು ಹಲ್ಲು ಕೊಡುತ್ತದೆ' ಎಂದು ಬಿಟ್ಟಿದ್ದರು. ಅಂದಿನಿಂದ ಎಲ್ಲರ ಫೋನೂ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ.

ಅವಳು ನಿಘಂಟಿನ ಪುಟಗಳು ಎರಡೂ ಕಡೆ ಸಿಗಲಿ ಎಂದು ಮನೆಯ ಕಂಪ್ಯೂಟರಿನಲ್ಲೂ ಆಫೀಸಿನದರಲ್ಲೂ ಒಂದೇ ಖಾತೆ ತೆರೆದು ಸಿಂಕ್ ಹಾಕಿದ್ದಳು. ಇಲ್ಲಿ ಉಳಿಸಿದ ಬುಕ್‌ಮಾರ್ಕ್ ಅಲ್ಲಿ, ಅಲ್ಲಿ ಉಳಿಸಿದ್ದು ಇಲ್ಲಿ. ಒಂದು ದಿನ ನಿಘಂಟುಗಳ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಹೊಸದೊಂದು ಹೆಸರು ಮೂಡಿತು. 'ಎಲ್ಲಿದಿಯ'. ಯಾವುದೋ ಪುಟ ತೆರೆದು, ಬುಕ್‌ಮಾರ್ಕಿನ ನಕ್ಷತ್ರ ಒತ್ತಿ, ಅದರ ಹೆಸರಿನ ಜಾಗದಲ್ಲಿ ಅಪ್ಪ ಮಾತಾಡಿದ್ದರು!

ಆಮೇಲೆ ಅದೇ ಅವರ ದಾರಿಯಾಯಿತು. 'ಮಾತ್ರೆ ತಗೊಂಡೆ ಬೈಬೇಡ.' 'ಬಿಸಿಲು ಜಾಸ್ತಿ ಚತ್ರಿ ಮರೆತೆ ನೀನು.' 'ನೀನಿಲ್ಲದೆ ಟೀ ಸೇರಲ್ಲ.' ಸಂಜೆ ನಾಲ್ಕಾದರೆ ತಪ್ಪದೆ, 'ಬೇಗ ಭಾ'. ಜಗತ್ತಿನ ತಪ್ಪನ್ನೆಲ್ಲ ತಿದ್ದುವವಳು ಆ ಸಾಲಿನಲ್ಲಿ ಒಂದು ಅಕ್ಷರ ಮುಟ್ಟಿರಲಿಲ್ಲ.

ಇರಲಿ, ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಇದ್ದೇ ಇರುತ್ತೆ ಅಂದನಲ್ಲ ಎಂದುಕೊಂಡು ಅವಳು ಸಂಜೆ ಮನೆಗೆ ಹೋದಳು.

ಮನೆಯಲ್ಲಿ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವಳು ಟವೆಲ್ ಸರಿಸಿ ನೋಡಿದಳು. ಇಲ್ಲೂ ಸಾಲು ಖಾಲಿ. ಅಲ್ಲಿ ಅಳಿಸಿದ್ದು ಇಲ್ಲೂ ಅಳಿಸಿಹೋಗಿತ್ತು, ಅದೂ ಅಪ್ಪನ ಕಣ್ಣೆದುರಿಗೆ, ಒಂದೊಂದಾಗಿ.

ಅವಳು ಆದದ್ದನ್ನೆಲ್ಲ ವಿವರಿಸಿದಳು. ಅಪ್ಪ ತಲೆಯಾಡಿಸಿದರು, ನಂಬಲಿಲ್ಲ. ಕೊನೆಗೆ ಹಳೇ ಡೈರಿ ತೆಗೆದು ನಿಧಾನವಾಗಿ ಬರೆದು ಅವಳ ಕಡೆ ತಳ್ಳಿದರು.

'ಪರವಾಗಿಲ್ಲ ಮಗಳೆ. ನಂದು ತಪ್ಪು ಬರವಣಿಗೆ. ಆಪೀಸಲ್ಲಿ ನಿಂಗೆ ನಾಚಿಕೆ ಆಗಿರುತ್ತೆ.'

ಅವಳಿಗೆ ಅಳು ಬಂತು. ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ನನ್ನಪ್ಪನ ಬಾಯಿಂದ ಎರಡನೇ ಸಲ ಮಾತು ಕಿತ್ತುಕೊಂಡ ಅವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದಳು.

ಮರುದಿನ ಅವನು ಬ್ಯಾಗು ಇಡುವ ಮೊದಲೇ ಎದುರಿಗೆ ಹೋಗಿ ನಿಂತಳು.

"ಮನೇಲೇ ಇರುತ್ತೆ ಅಂದ್ರಲ್ಲ. ಮನೇಲೂ ಇಲ್ಲ. ಒಂದೂ ಇಲ್ಲ."

ಅವನು ಒಂದು ಕ್ಷಣ ಅರ್ಥವಾಗದವನಂತೆ ನಿಂತ. ಆಮೇಲೆ ಹಣೆ ಹಿಡಿದುಕೊಂಡ.

"ಸಿಂಕ್ ಆಫ್ ಮಾಡದೆ ಅಳಿಸಿಬಿಟ್ಟೆ. ತಪ್ಪು ನಂದೇ ಮೇಡಂ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಲ್ಲೇ ಉಳಿಯಿತು. ಕಾಪಿ ಇಟ್ಟಿರಬೇಕಲ್ಲ, ಅದನ್ನಾದರೂ ಕೊಡಿ ಎಂದಳು. ಎಲ್ಲರದ್ದೂ ಇಟ್ಟಿದ್ದೇನೆ, ನಿಮ್ಮದೊಂದು ಬಿಟ್ಟು ಎಂದ.

"ನನ್ನದೊಂದು ಯಾಕೆ ಇಲ್ಲ?"

ಅವನು ಬಗ್ಗಿ ಬ್ಯಾಗಿನ ಜಿಪ್ ಎಳೆಯತೊಡಗಿದ.

ಇದಕ್ಕಿಂತ ಅವಮಾನ ಇದೆಯೇ? ಪಕ್ಕದ ಮೇಜಿನವನ ಕ್ರಿಕೆಟ್ ಸ್ಕೋರಿನ ಪುಟಗಳಿಗೆ ಕಾಪಿ ಇದೆ, ಅಪ್ಪನ ಎರಡು ವರ್ಷದ ಮಾತಿಗೆ ಇಲ್ಲ! ಅವಳು ನೇರ ಮ್ಯಾನೇಜರ್ ಕೋಣೆಗೆ ನುಗ್ಗಿದಳು. ಅವರು ಕನ್ನಡಕದ ಮೇಲಿಂದ ನೋಡಿ, ನಿಯಮ ಅಂದರೆ ನಿಯಮ ಎಂದರು.

"ಫೋನ್ ಕೊಡಿ ಅಂದ್ರಿ, ಕೊಟ್ವಿ ಸರ್. ಮಾತಾಡಬೇಡಿ ಅಂದ್ರಿ, ಬಾಯಿ ಮುಚ್ಕೊಂಡು ಕೆಲಸ ಮಾಡಿದ್ವಿ. ಮನೇಲಿ ಒಬ್ಬರು ನನಗೋಸ್ಕರ ಕಾಯ್ತಿರ್ತಾರೆ. ಅವರು ಹೇಗಿದ್ದಾರೆ ಅಂತ ತಿಳಿಯೋಕೆ ನನಗಿದ್ದ ಒಂದೇ ದಾರಿ ಅದು. ಅದೂ ನಿಮಗೆ ಕಣ್ಣುರಿ ಆಯ್ತಾ?"

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ರೀಸ್ಟಾರ್ಟ್‌ನ ದನಿ ಕೇಳಿತು. ಆ ಸಾಲಿನಿಂದ ಆಫೀಸಿನ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ, ಮೇಡಂ ಅವರದ್ದನ್ನು ವಾಪಸ್ ತಂದು ಹಾಗೇ ಬಿಡಲು ಅನುಮತಿ ಕೊಡಿ, ಇಲ್ಲವಾದರೆ ನನ್ನ ಕೆಲಸ ನನಗೆ ಬೇಡ ಎಂದ. ಸೇರಿ ವಾರವಾಗದವನು! ಮ್ಯಾನೇಜರ್ ಇಬ್ಬರನ್ನೂ ನೋಡಿ, ಏನಾದರೂ ಮಾಡಿಕೊಳ್ಳಿ, ಮೊದಲು ಹೊರಗೆ ನಡೆಯಿರಿ ಎಂದರು.

ಹೊರಗೆ ಬಂದ ಮೇಲೆ ಅವಳು ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಕಳೆದವನೇ ಹುಡುಕಿಕೊಡಲಿ, ಅದಕ್ಕೇಕೆ ಥ್ಯಾಂಕ್ಸ್?

ಎರಡು ದಿನ ಅವನು ಊಟದ ಹೊತ್ತಿಗೂ ಕಾಣಿಸಲಿಲ್ಲ. ಮನೆಯಲ್ಲಿ ಟವೆಲ್ ಹೊದಿಸಿದ್ದು ಹೊದಿಸಿದ ಹಾಗೇ ಇತ್ತು. ನಾಲ್ಕು ಗಂಟೆಗೆ ಅವಳ ಕಣ್ಣು ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಗುತ್ತಿತ್ತು.

ಮೂರನೇ ದಿನ ಅವನೇ ಬಂದು, ಸ್ಟೋರ್ ರೂಮಿಗೆ ಒಂದು ನಿಮಿಷ ಬರುತ್ತೀರಾ ಎಂದು ಕೇಳಿದ. ಅಂಗಿಯೆಲ್ಲ ಧೂಳು, ಹೆಬ್ಬೆರಳಿಗೆ ಪ್ಲಾಸ್ಟರ್.

ಮೂರು ವಾರದ ಹಿಂದೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನೆಲ್ಲ ಆ ಕೋಣೆಗೆ ತುಂಬಿದ್ದರು. ಒಟ್ಟು ನಲವತ್ತು, ಒಂದಕ್ಕೂ ಚೀಟಿ ಇರಲಿಲ್ಲ. ಒಂದೊಂದನ್ನೇ ಬಿಚ್ಚಿ, ನೆಟ್ ಇಲ್ಲದೆ ಶುರು ಮಾಡಿ ನೋಡುತ್ತಾ, ಮೂವತ್ತೊಂದನೆಯದರಲ್ಲಿ ಅವಳದು ಸಿಕ್ಕಿತ್ತು.

"ನೆಟ್ ವೈರ್ ಮಾತ್ರ ಮುಟ್ಟಬೇಡಿ. ನೆಟ್ ಸಿಕ್ಕಿದ್ರೆ ಇದೂ ಅಳಿಸ್ಕೊಂಡುಬಿಡುತ್ತೆ. ಅಳಿಸಿರೋದು ಇದಕ್ಕಿನ್ನೂ ಗೊತ್ತಿಲ್ಲ."

ಸ್ಕ್ರೀನು ಬೆಳಗಿತು. 'ಮಾತ್ರೆ ತಗೊಂಡೆ ಬೈಬೇಡ.' 'ನೀನಿಲ್ಲದೆ ಟೀ ಸೇರಲ್ಲ.' ಸಾಲುಸಾಲಾಗಿ ಎಲ್ಲ ಅಲ್ಲೇ ಇದ್ದವು. ಅವಳು ಮುರಿದ ಕುರ್ಚಿಯಲ್ಲಿ ಕುಸಿದು ಕೂತು, ಅವನ ಮುಂದೆಯೇ ಅತ್ತುಬಿಟ್ಟಳು. ಅವನು ಬೇರೆ ಕಡೆ ತಿರುಗಿ, ಎಲ್ಲವನ್ನೂ ಒಂದು ಫೈಲಿಗೆ ಇಳಿಸಿಕೊಳ್ಳುತ್ತಾ ನಿಂತ.

"ಕೊನೇ ಮೂರು ವಾರದ್ದು ಮಾತ್ರ ಸಿಗಲ್ಲ ಮೇಡಂ. ಅಳಿಸೋವಾಗ ಕಣ್ಣಿಗೆ ಬಿದ್ದ ಒಂದು ನೆನಪಿದೆ. ಬೇಕಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ನಿನ್ನ ಹೆಜ್ಜೆ ಸಪ್ಪಳ ಕೇಳಿದ ಮೇಲೆ ನನ್ನ ದಿನ ಸುರು." ಅವನು ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದ, "ತಪ್ಪು ತಿಳ್ಕೋಬೇಡಿ. ನಿಮ್ಮನೆಯವರ ಮೇಲೆ ಹೊಟ್ಟೆಕಿಚ್ಚಾಯ್ತು. ಹೀಗೆ ಬರೆಯೋಕೆ ಎಲ್ಲಾ ಗಂಡಂದಿರಿಗೂ ಬರಲ್ಲ. ಅದಕ್ಕೇ ಕಾಪಿ ಇಡಲಿಲ್ಲ. ಗಂಡ ಹೆಂಡ್ತಿ ಮಾತು ನನ್ನ ಪೆನ್‌ಡ್ರೈವಲ್ಲಿ ಇಟ್ಕೊಂಡು ತಿರುಗೋದು ಸರಿ ಅನ್ನಿಸಲಿಲ್ಲ."

"ಯಾರ ಗಂಡ?"

"ನೀವೇ ಹೇಳಿದ್ರಲ್ಲ... ಮನೆಯವರು ಬರೆದಿದ್ದು ಅಂತ."

ಕಾಗುಣಿತದ ಬಾಯಿ ತೆರೆದೇ ಇತ್ತು. ಊರಿನವರ ಮಾತನ್ನೆಲ್ಲ ತಿದ್ದುವವಳು ತಾನೇ ಎಂಥ ಮಾತು ಆಡಿದ್ದಳು! 'ಮನೆಯವರು' ಎಂದರೆ ಕೇಳಿದವರು ಮತ್ತೇನು ತಿಳಿದಾರು?

"ಅದು ನಮ್ಮಪ್ಪ," ಎಂದಳು. ಅಳುವಿನ ನಡುವೆಯೇ ನಗು ನುಗ್ಗಿ ಬಂತು. ಅವನು ನಗಲಿಲ್ಲ. ಪೆನ್‌ಡ್ರೈವ್ ಅವಳ ಕೈಗಿಟ್ಟು, ದೇವರೇ ಎಂದು ಗೋಡೆಗೆ ಒರಗಿದ. ಆ ಮೂರಕ್ಷರದ ಸಮಾಧಾನ ಯಾತಕ್ಕೆಂದು ಅವಳಿಗೆ ಚೆನ್ನಾಗಿಯೇ ತಿಳಿಯಿತು. ತಿಳಿದು ಕಿವಿ ಬಿಸಿಯಾಯಿತು.

ಆ ಸಂಜೆ ಮನೆಗೆ ಬಂದವಳೇ ಟವೆಲ್ ಎಳೆದು ಬಿಸಾಕಿ, ಸಾಲನ್ನೆಲ್ಲ ವಾಪಸ್ ಹಾಕಿ, ಅಪ್ಪನನ್ನು ಎದುರಿಗೆ ಕೂರಿಸಿದಳು.

"ನಾಚಿಕೆ ಅಂತೆ! ನಿನ್ನ ಮಗಳು ಅಂಥವಳಾ ಅಪ್ಪಾ? ನೀನು ಬರೆದಿದ್ದನ್ನ ನಾನು ಅಳಿಸ್ತೀನಾ? ಮೂರು ದಿನ ಅದನ್ನೇ ನಂಬ್ಕೊಂಡು ಕೂತಿದ್ದೀಯಲ್ಲ, ನನಗೆಷ್ಟು ಸಿಟ್ಟು ಬಂದಿದೆ ಗೊತ್ತಾ?"

ಅಪ್ಪ ಸಾಲನ್ನು ಕೊನೆಯವರೆಗೆ ಓದಿದರು. ಕಣ್ಣು ಒರೆಸಿಕೊಂಡರು. ಆಮೇಲೆ 'ಬೇಗ ಭಾ' ಎಂಬುದರ ಮೇಲೆ ಬೆರಳಿಟ್ಟು, ಡೈರಿ ಎಳೆದುಕೊಂಡರು.

'ಬೇರೆ ಎಲ್ಲ ತಪ್ಪು ತಪ್ಪೆ. ಇದು ಮಾತ್ರ ಬೇಕಂತ. ಗಂಟಲು ಇಲ್ಲವಲ್ಲ. ಜೋರಾಗಿ ಕರೆಯೋಕೆ.'

ಎರಡು ವರ್ಷ ದಿನವೂ ನೋಡಿದ ಅಕ್ಷರ. ಮೂರನೇ ತಿರುವಿನಿಂದ ಕೇಳುತ್ತಿದ್ದ ಆ ಕೂಗು ಅವಳ ಕಿವಿಯಲ್ಲಿ ಮತ್ತೆ ಮೊಳಗಿತು. ಅವಳು ಅಪ್ಪನ ಭುಜಕ್ಕೆ ಮುಖ ಒತ್ತಿ ಬಹಳ ಹೊತ್ತು ಹಾಗೇ ಇದ್ದಳು.

ಅದಾದ ಮೇಲೆ ಎರಡು ತಿಂಗಳಲ್ಲಿ ಅವಳ ಕಂಪ್ಯೂಟರು ಹನ್ನೊಂದು ಸಲ ಕೆಟ್ಟಿತು. ಹೊಸ ಕಂಪ್ಯೂಟರು! ಆರು ಜನರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಹನ್ನೊಂದು ಸಲವೂ ಅವನು ಬಂದು ಕೂತು, ಏನೂ ಆಗಿಲ್ಲವಲ್ಲ ಎಂದು ಒಮ್ಮೆಯೂ ಹೇಳದೆ ರಿಪೇರಿ ಮಾಡಿದ. ಅವಳು ಅಪ್ಪನ ವಿಷಯ ಹೇಳಿದಳು, ಅವನು ಚಿಕ್ಕಂದಿನಿಂದ ತನ್ನನ್ನು ಸಾಕಿದ ಅಕ್ಕನ ವಿಷಯ ಹೇಳಿದ. ಆದರೆ ಹೇಳಬೇಕಾದ ಮಾತು ಮಾತ್ರ ಯಾರೂ ಹೇಳಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟೇ ಬರುತ್ತಿತ್ತು.

ಹನ್ನೆರಡನೇ ಸಲ ಅವನು ಬಂದಾಗ ನಾಲ್ಕು ಗಂಟೆ. ಕಣ್ಣೆದುರಿಗೆ 'ಬೇಗ ಭಾ' ಮೂಡಿತು.

"ಇದೊಂದನ್ನ ತಿದ್ದಲ್ವಾ ನೀವು?"

"ತಪ್ಪಲ್ಲ ಅದು. ಜೋರಾಗಿ ಕರೀತಿದ್ದಾರೆ."

ಅವನು ಸ್ವಲ್ಪ ಹೊತ್ತು ಆ ಅಕ್ಷರವನ್ನೇ ನೋಡಿದ. ಆಮೇಲೆ ಅವಳನ್ನು ಕೇಳಿ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡ. ಒಂದು ಪುಟ ತೆರೆದು, ನಕ್ಷತ್ರ ಒತ್ತಿ, ಹೆಸರಿನ ಜಾಗದಲ್ಲಿ ಬರೆದ. 'ನಾನು ರಿಪೇರಿಯವನು. ನಿಮ್ಮ ಮಗಳನ್ನ ಕೇಳೋಕೆ ಮನೆಗೆ ಬರಲಾ?'

'ನನ್ನನ್ನೇ ಕೇಳದೆ ಅಪ್ಪನನ್ನು ಕೇಳ್ತಾನಲ್ಲ...' ಎಂದು ಅವಳಿಗೆ ಬೈಯಬೇಕೆನಿಸಿತು, ಆದರೆ ಕಣ್ಣು ಆ ಸಾಲಿನ ಮೇಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಆರು ಜನ ಕೆಲಸ ಮಾಡುವ ನಟನೆ ಮಾಡುತ್ತಿದ್ದರು.

ಸಾಲಿನ ತುದಿಯಲ್ಲಿ ಹೊಸದೊಂದು ಅಕ್ಷರ ಬಂತು.

'ಭಾ.'

ಅವನು ಉಸಿರು ಬಿಟ್ಟು ಅವಳ ಕಡೆ ತಿರುಗಿದ.

"ನಿಮ್ಮನೆಯವರು ಒಪ್ಪಿದ್ರು. ನೀವು?"

ಕೀಬೋರ್ಡ್ ವಾಪಸ್ ಎಳೆದುಕೊಂಡು, ನಕ್ಷತ್ರ ಒತ್ತಿ, ಹುಟ್ಟಿದಾಗಿನಿಂದ ಒಂದು ಅಕ್ಷರ ತಪ್ಪು ಬರೆಯದ ಕಾಗುಣಿತ, ಅಪ್ಪನ ಉತ್ತರದ ಪಕ್ಕದಲ್ಲೇ ಅದೇ ಒಂದು ಅಕ್ಷರ ಬರೆದು ಉಳಿಸಿದಳು.

'ಭಾ.'

"ಕೇಳಿಸ್ತಾ?" ಎಂದಳು.

"ಕೇಳಿಸ್ತು," ಎಂದ ಅವನು.